ಸರ್ವೇ ಜೀಪಿನಾಗ ನಮ್ಮ ಅತ್ತಿ

ಖರೆ ಹೇಳ್ಬೇಕಂದ್ರ ನಾ ಅಂಜುಬುರಕ ಮನಷ್ಯಾ. ಮಂದಿ ಹಾವಿಗೆ ಅಂಜ್ತಾರ, ದೆವ್ವಕ್ಕ ಅಂಜ್ತಾರ, ಹೆಂಡ್ತಿಗೆ ಅಂಜ್ತಾರ. ನಾ ಇಷ್ಟಕ್ಕೂ ಅಂಜಿ, ಮ್ಯಾಲ ಇಳಿಜಾರಿಗೂ ಅಂಜ್ತೀನಿ. ಸಣ್ಣಾವಿದ್ದಾಗ ನನ್ನ ಗೆಳ್ಯಾರು ಏರು ಬಂದ್ರ ಸೈಕಲ್ ಇಳದು ತಳ್ಳತಿದ್ರು, ನಾ ಇಳುಕಲು ಬಂದ್ರ ಇಳದು ತಳ್ಳತಿದ್ನಿ. ಇಂಥಾ ನನಗ ದಂಧೆ ಯಾವದು ಸಿಕ್ತು ಅಂದ್ರ ವಿಮಾ ಏಜೆಂಟಂದು. ದಿನಾ ಮುಂಜಾನಿ ಎದ್ದು, ಇಸ್ತ್ರಿ ಅಂಗಿ ಹಾಕ್ಕೊಂಡು, ಜಮಖಂಡಿ ಬಾಜಾರದಾಗ ಯಾರರ ಅಂಗಡಿ ಕಟ್ಟಿ ಮ್ಯಾಲ ಕುಂತು, "ಅಲ್ರೀ ಸಾವಕಾರ್ರ, ನಾಳೆ ಅಕಸ್ಮಾತ್ ನೀವು ಇಲ್ಲ ಅಂತ ತಿಳ್ಕೋರಿ..." ಅಂತ ಮಾತ ಶುರು ಮಾಡ್ತೀನಿ. ಎದ್ರಿಗಿ ಕುಂತಾವ ಆರಾಮ ಚಾ ಕುಡೀತಿರ್ತಾನ. ಹೇಳಿ ಹೇಳಿ ನನಗ ಬೆವರು ಬಿಟ್ಟಿರ್ತೈತಿ. ಹಂಗಾಗಿ ನನ್ನ ಹೆಸರಿನ ಮ್ಯಾಲ ಎಷ್ಟ ಪಾಲಿಸಿ ಅದಾವು ಅಂತ ನನ್ನ ಹೆಂಡ್ತಿ ಸಾವಿತ್ರಿಗೂ ಪೂರಾ ಗೊತ್ತಿಲ್ಲ. ಗೊತ್ತಾದ್ರ ಆಕಿಗೆ ಏನರ ವಿಚಾರ ಬಂದೀತು ಅಂತ ಅದಕ್ಕೂ ಅಂಜಿಕಿ.

ಹಿಂಗಿದ್ದಾವ ಹಳೇ ಜೀಪು ಯಾಕ ತಗೊಂಡಿ ಅಂತ ಕೇಳ್ತೀರಿ. ನಾನೂ ಅದನ್ನ ಕೇಳ್ಕೊಳ್ಳಾಕತ್ತೇನಿ. ತಪ್ಪು ಮೊಬೈಲಿಂದು. ಕುಂತಲ್ಲೇ ವಿಡಿಯೋ ನೋಡಿ ನೋಡಿ, ಹೊಳಿ ದಾಟೂ ಜೀಪು, ಬರ್ಫದಾಗ ಹೋಗೂ ಜೀಪು, ಗುಡ್ಡದ ತುದೀಗೆ ನಿಂತು ಚಾ ಕುಡ್ಯೂ ದಾಡಿವಾಲಾ ಮಂದಿ, ಇವ್ರನ್ನ ನೋಡಿ ನನಗ ನನ್ನ ಮ್ಯಾಲ ನಾಚಿಕಿ ಬಂತು. ಅದ ಹೊತ್ತಿಗೆ ಡ್ಯಾಮಿನ ಕೆಲಸದ ಹಳೇ ಗಾಡಿಗಳ ಲಿಲಾವು ಐತಿ ಅಂತ ಸುದ್ದಿ ಬಂತು. ಬರೇ ನೋಡಾಕ ಅಂತ ಹೋದ್ನಿ. ಮೂಲ್ಯಾಗ ಒಂದ ಜೀಪು ನಿಂತಿತ್ತು. ನಿಂತಿತ್ತು ಅನ್ನೂಕಿಂತ ಬೆಳದಿತ್ತು ಅನ್ನಬೇಕು, ಯಾಕಂದ್ರ ಬಾನೆಟ್ಟಿನ ಒಳಗಿಂದ ಒಂದ ಜಾಲಿಗಿಡ ಎದ್ದು ಬಂದಿತ್ತು. ಯಾರೂ ಸವಾಲು ಕೂಗಲಿಲ್ಲ. ನಾ ಬಾಯಿಗೆ ಬಂದ ಆಕಳಿಕಿ ಮುಚ್ಚಾಕಂತ ಕೈ ಎತ್ತಿದ್ನಿ. ಜೀಪು ನಂದಾತು.

ಅದನ್ನ ಎಳಕೊಂಡು ಮುಧೋಳದಾಗ ದಸ್ತಗೀರನ ಗ್ಯಾರೇಜಿಗೆ ಒಯ್ದ್ನಿ. ದಸ್ತಗೀರ ನನ್ನ ವಾರಗೀಯಾವ, ಜಗತ್ತಿನ್ಯಾಗ ಯಾವದಕ್ಕೂ ಅಂಜದ ಮನಷ್ಯಾ, ಅದಕ್ಕ ಅವನ್ನ ಕಂಡ್ರೂ ನನಗ ಅಂಜಿಕಿ. ಸ್ಟೀರಿಂಗು ಹಗೂರ ತಿರಗೂವಂಗ ಮಾಡ್ದ, ದಪ್ಪನ್ನ ಟೈರ ಹಾಕ್ದ, ತೆಲಿಮ್ಯಾಲ ಉದ್ದಕ ಲೈಟ್ ಕೂಡ್ಸಿದ. ಹಳೇ ಬ್ರೇಕ್ ತಗದು ಬ್ಯಾರೆ ಗಾಡೀದು ಹಾಕಾಕತ್ತಾಗ ಕೇಳಿದ್ನಿ, "ದಸ್ತಗೀರಾ, ಈ ಬ್ರೇಕ್ ಯಾವ ಗಾಡೀದೋ?"

"ಅದು ಲಾರಿಗೆ ಬಡದ ಗಾಡೀದ್ರಿ ಸಾಹೇಬ್ರ."

"ಅಲ್ಲೋ, ಬ್ರೇಕ್ ಹತ್ತಲಾರದಕ್ಕ ಬಡದಿತ್ತಲ್ಲೋ?"

"ಅದಕ್ಕ ಹೇಳಾಕತ್ತಿದ್ರಿ. ಬ್ರೇಕ್ ಹೊಡದೇ ಇಲ್ಲ ಅಂವ. ಹೊಸಾದ ಇದ್ದಂಗ ಐತಿ."

ಆಮ್ಯಾಲ ಬಣ್ಣದ್ದು. ತಿಕ್ಕಾಕ ಹತ್ತಿದಾಗ ಮ್ಯಾಲಿನ ಬಿಳೇ ಬಣ್ಣದ ಕೆಳಗ ಬೂದಿ ಬಣ್ಣ, ಬಾಗಲದ ಮ್ಯಾಲ ದಪ್ಪ ಅಕ್ಷರದಾಗ 'ಸರ್ವೇ' ಅಂತ ಕಂಡಿತು. ಫೇಸ್‌ಬುಕ್ಕಿನಾಗ ಹಳೇ ಜೀಪಿನವರ ಗುಂಪು ಐತಿ. ಫೋಟೋ ಹಾಕಿದ್ನಿ. ಎಲ್ಲಾರೂ ಒಂದ ಬಾಯಿಲೆ ಹೇಳಿದ್ರು, ಹೆಂಗಿತ್ತೋ ಹಂಗ ಮಾಡ್ರಿ, ಒರಿಜಿನಲ್ ಇದ್ರನ ಮಜಾ. ಬೂದಿ ಬಣ್ಣ ಹೊಡ್ಸಿದ್ನಿ, ಬಾಗಲದ ಮ್ಯಾಲ 'ಸರ್ವೇ' ಅಂತ ಹೊಸಾದಾಗಿ ಬರಸಿದ್ನಿ. ಆ ಉಮೇದಿನ್ಯಾಗ "ಶೀಘ್ರದಲ್ಲೇ ಲಡಾಖ್" ಅಂತ ಒಂದ ಸಾಲು ಹಾಕಿಬಿಟ್ನಿ. ಅವತ್ತಿಂದ ನನ್ನ ನಿದ್ದಿ ಹೋತು. ಕಾಯಿಪಲ್ಲೆ ಮಾರೂ ಅಕ್ಕನೂ "ಯಾವಾಗ ಹೊಂಟ್ರಿ ಅಣ್ಣಾರ?" ಅಂತ ಕೇಳಾಕತ್ತಿದ್ಳು.

ಸಾವಿತ್ರಿ ಒಬ್ಬಾಕೀನ ಕೇಳಲಿಲ್ಲ. ಆಕಿ ಅಂದದ್ದು ಇಷ್ಟ: "ಅಲ್ರೀ, ಸ್ಕೂಟಿ ಹಿಂದ ನಾ ಕುಂತಾಗ ರೋಡ್ ಹಂಪ್ಸ್ ಬಂದ್ರ ನನ್ನ ಇಳಿಸಿ ನಡಸ್ತೀರಿ. ನೀವು ಲಡಾಖಕ್ಕ ಹೋಗಾವ್ರು? ಮೊದಲ ನಮ್ಮವ್ವನ್ನ ಇದರಾಗ ಕೂಡ್ಸಿ ತೋರಸ್ರಿ. ಆಕಿ ಕುಂತ್ಳಂದ್ರ ನಾನೂ ಕೂಡ್ತೀನಿ, ಎಲ್ಲಿಗೆ ಬೇಕಾದಲ್ಲಿಗೆ ಬರ್ತೀನಿ. ಕೂಡ್ಲಿಲ್ಲಂದ್ರ ಮರುದಿನಾನ ಇದನ್ನ ಗುಜರಿಗೆ ಹಾಕಬೇಕು. ಒಪ್ಪಿಗಿನೋ?"

ನಾ ಗಂಭೀರ ಮಾರಿ ಮಾಡ್ಕೊಂಡು ಒಪ್ಪಿದ್ನಿ. ಒಳಗ ಮಾತ್ರ ಹಾಲ ಕುಡದಷ್ಟ ಸಂತೋಷ. ಯಾಕಂದ್ರ ನಮ್ಮ ಅತ್ತಿ ಲಕ್ಕವ್ವ ಜನ್ಮದಾಗ ಬಸ್ಸು ಬಿಟ್ರ ಯಾವ ಗಾಡೀನೂ ಏರಿದಾಕಿ ಅಲ್ಲ. ಕುರಿ ಕಾಯೂ ಮನೆತನ, ಬೀರಪ್ಪ ದೇವರ ಒಕ್ಕಲು, ಹರದಾರಿಗಟ್ಟಲೆ ನಡದ ಕಾಲು. ಆಕಿ ಒಲ್ಲೆ ಅಂದ್ರ ಜೀಪು ಗುಜರಿಗೆ, ನಾ ಜೀವಂತ, ಊರಾಗ ಮರ್ಯಾದೀನೂ ಉಳೀತು. ಕೇಳಿದವ್ರಿಗೆ "ನಾ ತಯಾರಿದ್ನಿ, ಮನ್ಯಾಗ ಒಪ್ಪಲಿಲ್ಲ" ಅನ್ನಬಹುದು. ಈ ನಾಡಿನ್ಯಾಗ ಎಷ್ಟ ಗಂಡಸರ ಧೈರ್ಯ ಈ ಒಂದ ಮಾತಿನ ಮ್ಯಾಲ ನಿಂತೈತೋ ದೇವ್ರಿಗೆ ಗೊತ್ತು.

ಅತ್ತಿ ಊರಿಗೆ ಹೊಂಡೂ ದಿನ ಹ್ಯಾಂಡ್‌ಬ್ರೇಕ್ ಹಿಡೀಲಿಲ್ಲ. ದಸ್ತಗೀರಗ ಅದು ದೊಡ್ಡ ವಿಷಯ ಅಲ್ಲ. ಗಾಲಿಗೆ ಕೊಡಾಕ ಎರಡು ಕಲ್ಲು ತಂದ. ಮ್ಯಾಲ ಉಳದ ಬಣ್ಣ ಹಚ್ಚಿದ್ದ, ಅರ್ಧ ಕೆಂಪು ಅರ್ಧ ಬಿಳಿ. "ಬಣ್ಣ ಯಾಕೋ?" ಅಂದ್ರ, "ಹಂಗ ಬಿಟ್ರ ಇಟ್ಟಲ್ಲೇ ಮರತ ಬರ್ತೀರ್ರಿ. ಕಾಣಬೇಕ್ರಿ ಕಣ್ಣಿಗೆ," ಅಂದ. ಸಾವಿತ್ರಿ ಮುಂಜಾನಿ ಬೀಳಗಿ ಬಸ್ಸಿಗೆ ಮುಂದ ಹೋದ್ಳು. ಹಿಂದ ನಾವು. ಸ್ಟೀರಿಂಗ್ ನನ್ನ ಕೈಯಾಗ, ಬೀರಪ್ಪ ನನ್ನ ಬಾಯಾಗ, ಬಾಜೂಕ ದಸ್ತಗೀರ ಅಡಕಿ ಕಡ್ಕೋತ. ಎದ್ರಿಗಿ ಕಬ್ಬಿನ ಟ್ರ್ಯಾಕ್ಟರು, ಒಂದೊಂದಕ್ಕ ಜೋಡಿ ಟ್ರೇಲರು, ಹಾವು ಹರದಂಗ ಬರ್ತಿದ್ವು. ಪ್ರತಿ ಟ್ರ್ಯಾಕ್ಟರಿಗೂ ನಾ ರಸ್ತೆ ಬಿಟ್ಟು ಹೊಲಕ್ಕ ಇಳೀತಿದ್ನಿ. "ಆಫ್‌ರೋಡ್ ಛಲೋ ಮಾಡ್ತೀರ್ರಿ ನೀವು," ಅಂದ ದಸ್ತಗೀರ.

ನಮ್ಮ ಅತ್ತಿ ಊರಿನ ಬಗ್ಗೆ ಒಂದ ಮಾತ ಹೇಳ್ಬೇಕು. ಹಳೇ ಊರು ಕೃಷ್ಣಾ ದಂಡಿಗಿತ್ತು. ಆಲಮಟ್ಟಿಯೊಳಗ ನೀರು ನಿಲ್ಲಸಿದ ಮ್ಯಾಲ ಅದು ಮುಳುಗಡಿ ಆತು. ಮಂದೀನ್ನೆಲ್ಲಾ ಎಬ್ಬಿಸಿ ಮ್ಯಾಲ ದಿಬ್ಬದಾಗ ಹೊಸಾ ಊರು ಕಟ್ಟಿ ಕೂಡ್ಸಿದ್ರು. ಕುಂತ ಇಷ್ಟ ವರ್ಷಾದ್ರೂ, ಡ್ಯಾಮು ಇನ್ನೂ ಎತ್ತರ ಮಾಡ್ತಾರಂತ, ಮತ್ತ ಎಬ್ಬಸ್ತಾರಂತ ಅನ್ನೂ ಮಾತು ಆ ಊರಾಗ ಚಾದ ಜೋಡಿ ಕುಡಿಯೂ ಮಾತು. ಇದೆಲ್ಲಾ ನನಗ ಗೊತ್ತಿತ್ತು. ಗೊತ್ತಿದ್ದೂ ತೆಲಿಗೆ ಹೋಗಿರಲಿಲ್ಲ, ಯಾಕಂದ್ರ ತೆಲಿ ಮ್ಯಾಲ ಟೋಪಿಗಿ ಇತ್ತು. ಪ್ರವಾಸಕ್ಕಂತ ತಗೊಂಡ ಖಾಕಿ ಟೋಪಿಗಿ, ಕಣ್ಣಿಗೆ ಕರೇ ಚಾಳೀಸು, ಕೈಯಾಗ ಪಾಲಿಸಿ ಫೈಲು. ಫೈಲು ಯಾಕಂದ್ರ, ಎಲ್ಲಿ ಹೋದ್ರೂ ಯಾರರ ಗಿರಾಕಿ ಸಿಕ್ಕಾರು ಅಂತ.

ಈಗ ನೀವ ನೋಡ್ರಿ ಆ ಊರಿನ ಕಣ್ಣೀಲೆ. ಬೂದಿ ಬಣ್ಣದ ಜೀಪು ಬಂತು. ಬಾಗಲದ ಮ್ಯಾಲ 'ಸರ್ವೇ'. ಟೋಪಿಗಿ ಹಾಕಿದ ಒಬ್ಬಾವ ಫೈಲು ಹಿಡಕೊಂಡು ಇಳದ. ಇನ್ನೊಬ್ಬಾವ ಎರಡೂ ಕೈಯಾಗ ಕೆಂಪು-ಬಿಳಿ ಕಲ್ಲು ಹಿಡಕೊಂಡು ಜಿಗದ, ನೆಲಾ ನೋಡ್ದ, ಅಡ್ಡಾಡಿ ಒಂದ ಜಾಗಾ ಆರಿಸಿದ, ಕಲ್ಲು ಇಟ್ಟ, ಕಾಲಿಲೆ ತುಳದು ಗಟ್ಟಿ ಮಾಡ್ದ, ಹಿಂದ ಸರದು ಒಂದ ಕಣ್ಣ ಮುಚ್ಚಿ ನೆಟ್ಟಗ ಐತೇನು ಅಂತ ನೋಡ್ದ.

ಕಟ್ಟಿ ಮ್ಯಾಲ ಕುಂತ ಮಾಳಪ್ಪ ಕಾಕಾ ಎದ್ದು ನಿಂತ. ಆ ಮುದುಕ ಒದರಿದ ದನಿ ಇನ್ನೂ ನನ್ನ ಕಿವ್ಯಾಗ ಐತಿ. "ಬಂದ್ರಲೇ! ಮತ್ತ ಬಂದ್ರು! ಮುಳುಗಡಿ ಕಲ್ಲ ಹಾಕಾಕತ್ತಾರ!"

ಬಾಗಲಾ ಒಂದರ ಹಿಂದ ಒಂದ ಮುಚ್ಚಿದ್ವು. ಒಬ್ಬಾಕಿ ಹೊರಗ ಒಣಗಾಕ ಹಾಕಿದ ಜ್ವಾಳಾ ಬಾಚಿ ಉಡ್ಯಾಗ ತುಂಬ್ಕೊಂಡು ಒಳಗ ಓಡಿದ್ಳು, ಜ್ವಾಳಾನೂ ಮುಳಗತಾವು ಅಂದಂಗ. ಇನ್ನೊಬ್ಬಾವ ಉಲ್ಟಾ ನನ್ನ ಕಡೆನ ಓಡಿ ಬಂದು ಕೈ ಹಿಡದ. "ಸಾಹೇಬ್ರ, ಹ್ವಾದ ಸಲಾ ಪರಿಹಾರದಾಗ ನಮ್ಮ ದನದ ಕೊಟ್ಟಗಿ ಬಿಟ್ಟಿದ್ರಿ. ಈ ಸಲಾ ಅದನ್ನರ ಮೊದ್ಲ ಬರಕೋರಿ." ಮಾಳಪ್ಪ ಕಾಕಾ ಬಡಿಗಿ ಊರಕೋತ ಬಂದು ನನ್ನ ಮುಂದ ನಿಂತ. "ಎಷ್ಟ ಸಲಾ ಎಬ್ಬಸ್ತೀರಿ? ಮನಷ್ಯಾರೇನು, ಕುರಿ ಏನು ನಾವು?" ನಾ ಜನ್ಮೆಲ್ಲಾ ಅಂಜಿದಾವ ಖರೆ, ಆದ್ರ ನನ್ನ ನೋಡಿ ಒಂದ ಊರಿಗೆ ಊರ ಅಂಜಿದ್ದು ಅದ ಮೊದ್ಲು. ಹೆದರ್ಸೂದ ದಂಧೆ ಮಾಡ್ಕೊಂಡಾವಗ ಖರೆ ಹೆದರಿಕಿ ಹೆಂಗಿರತೈತಿ ಅಂತ ಅವತ್ತ ಕಂಡಿತು.

ಒಳಗಿಂದ ಸಾವಿತ್ರಿ ಬಂದ್ಳು. "ಅಯ್ಯ ಕಾಕಾ, ಇವ್ರು ನಮ್ಮ ಮನಿಯವ್ರು!"

ಅದರಿಂದ ಕೆಲಸ ಇನ್ನೂ ಕೆಟ್ಟಿತು. "ಅಳಿಯಾ? ಅಳಿಯಾನ ಬಂದಾನ ನಮ್ಮನ್ನ ಎಬ್ಬಸಾಕ? ಮನಿ ಮಗಳನ್ನ ಕೊಟ್ಟಿದ್ದಕ್ಕ ಇದನ್ನ ಮಾಡಿದೇನಪಾ?"

ನಮ್ಮ ಅತ್ತಿ ಹೊಸ್ತಲದ ಮ್ಯಾಲ ಕಾಲು ಚಾಚಿ ಕುಂತುಬಿಟ್ಟಿದ್ಳು, ಎರಡೂ ಕೈಲೆ ಬಾಗಲ ಚೌಕಟ್ಟ ಹಿಡಕೊಂಡು. "ನಾ ಏಳೂದಿಲ್ಲ. ಯಾರ ಬಂದ್ರೂ ಏಳೂದಿಲ್ಲ," ಅನ್ನಾಕತ್ತಿದ್ಳು. ನಾ ಟೋಪಿಗಿ ತಗದ್ನಿ, ಚಾಳೀಸ ತಗದ್ನಿ. "ಅತ್ತೀ, ನಾನ್ರಿ. ಇದು ನನ್ನ ಜೀಪ್ರಿ. ಸ್ವಂತದ್ದು. ತಿರಗಾಡಾಕ." ಆ ಕಲ್ಲು ಬ್ರೇಕು ಅಂತ ದಸ್ತಗೀರ ಎಲ್ಲಾರಿಗೂ ತಿಳಿಸಿ ಹೇಳ್ದ. ನಂಬಲಿಲ್ಲ. ಕಡೀಕ ಕಲ್ಲು ತಗದು ತೋರ್ಸಿದ. ಜೀಪು ಮೆಲ್ಲಕ ಹಿಂದ ಉರಳಾಕ ಹತ್ತಿತು, ನಾ ಚೀರಿದ್ನಿ, ಅಂವ ಕಲ್ಲು ವಾಪಸ್ ಕೊಟ್ಟ. ನನ್ನ ಚೀರಾಟ ಕೇಳಿದ ಮ್ಯಾಲ ಮಂದಿಗೆ ಪೂರಾ ನಂಬಿಕಿ ಬಂತು. ಇಂಥಾವನ್ನ ಯಾವ ಸರ್ಕಾರನೂ ಸಾಹೇಬನ್ನ ಮಾಡೂದಿಲ್ಲ ಅಂತ.

ಅತ್ತಿ ಎದ್ದು ಬಂದು ಜೀಪಿನ ಸುತ್ತ ಒಂದ ಸುತ್ತ ಹಾಕಿದ್ಳು. ಬಾನೆಟ್ಟಿನ ಮ್ಯಾಲ ಅಂಗೈ ಇಟ್ಟಳು. "ಇದ ಜೀಪ ಅಳಿಯಂದ್ರ. ಇಲ್ಲಾ ಇದರಂಥಾದ್ದು. ಅವತ್ತ ನಾ ರೊಟ್ಟಿ ಬಡ್ಯಾಕತ್ತಿದ್ನಿ. ಸಾಹೇಬಾ ಇಳದ, ಗ್ವಾಡಿ ಮ್ಯಾಲ ಕೆಂಪು ಬಣ್ಣದಾಗ ನಂಬರ ಬರಸಿದ. ಮನಿಗೆ ಬಂದಾವ ಅಂತ ನಾ ಚಾ ಮಾಡಿ ಕೊಟ್ನಿ. ಕುಡದ, ಛಲೋ ಆಗೇತಿ ತಾಯಿ ಅಂದ, ಹೋದ." ಬಗ್ಗಿ ಒಳಗಿನ ಸೀಟು ನೋಡಿದ್ಳು. "ಆ ಸಾಹೇಬಾ ಯಾವ ಕಡೆ ಕುಂಡ್ರತಿದ್ದ?"

"ಎಡಗಡೆರಿ," ಅಂದ್ನಿ, ನನ್ನ ಗುಂಡಿ ನಾನ ತೋಡಾಕತ್ತೇನಿ ಅಂತ ತಿಳೀದ.

ಅತ್ತಿ ಸೀರಿ ಮ್ಯಾಲ ಎತ್ತಿ ಸಿಗಿಸಿ, ಹೆಗಲ ಮ್ಯಾಲಿನ ಕಂಬಳಿ ನನ್ನ ಹೊಸಾ ಸೀಟಿನ ಮ್ಯಾಲ ಹಾಸಿ, ಹತ್ತಿ ಕುಂತೇಬಿಟ್ಳು. ಸಾವಿತ್ರಿ ಬಾಯಿ ಮ್ಯಾಲ ಕೈ ಇಟ್ಕೊಂಡ್ಳು. ಗುಜರಿ ನನ್ನ ಕಣ್ಣ ಮುಂದ ದೂರಾತು.

"ಹೊಡೀರಿ," ಅಂದ್ಳು.

"ಎಲ್ಲಿಗ್ರಿ ಅತ್ತೀ?"

"ನಮ್ಮೂರಿಗೆ. ಬ್ಯಾಸಗಿ ಐತಿ, ನೀರು ಸರದೈತಿ. ಹಾದಿ ಕಾಣತೈತಿ."

ಹಾದಿ ಕಾಣತಿತ್ತು. ಅದ ತ್ರಾಸು. ದಿಬ್ಬದ ಮ್ಯಾಲಿಂದ ಸೀದಾ ಹಿನ್ನೀರಿಗೆ ಇಳದ ಹಳೇ ಹಾದಿ, ಕುರಿ ಇಳ್ಯಾಕ ಮಾಡಿದ್ದು. ನಾ ಮೊದಲನೇ ಗೇರಿನ್ಯಾಗ ಹಾಕಿ, ಬ್ರೇಕ್ ಒತ್ತಿ ಹಿಡಕೊಂಡು, ಕಣ್ಣ ಅರ್ಧ ಮುಚ್ಚಿ ಇಳಿಸಿದ್ನಿ. ಅರ್ಧ ಹಾದಿಗೆ ಬ್ರೇಕಿನ ಪೆಡಲು ಪೂರಾ ಒಳಗ ಹೋಗಿ ತಳಾ ಮುಟ್ಟಿತು. ಅದು ಹೊಸಾದ ಇದ್ದಂಗ ಇತ್ತಲ್ಲ, ಕೆಲಸಾನ ಕಲತಿರಲಿಲ್ಲ. ಹಿಂದ ಕುಂತ ದಸ್ತಗೀರ "ತುಳೀರಿ, ಮತ್ತ ಮತ್ತ ತುಳೀರಿ!" ಅಂತ ಒದರಾಕತ್ತ. ನಾ ತುಳದ್ನಿ, ಎಲ್ಲಾ ದೇವ್ರನ್ನ ಕರದ್ನಿ, ನನ್ನ ಪಾಲಿಸಿ ನೆನಸ್ಕೊಂಡ್ನಿ, "ಅವ್ವಾ!" ಅಂತ ಚೀರಿದ್ನಿ. "ಇಲ್ಲೇ ಅದೀನಿ, ಸುಮ್ಮನ ಹೊಡೀರಿ," ಅಂದ್ಳು ಅತ್ತಿ. ಎದ್ರಿಗಿ ನೀರು ದೊಡ್ಡದಾಗಕೋತ ಬಂತು. ಆಮ್ಯಾಲ ಒಮ್ಮೆಲೆ ಕೆಸರು ಗಾಲಿ ಹಿಡೀತು. ಜೀಪು, ದಣದ ಎಮ್ಮಿ ಕುಂತಂಗ, ಪುಸಕ್ ಅಂತ ಕುಂತಿತು.

ನಾ ಇನ್ನೂ ಸ್ಟೀರಿಂಗ್ ಬಿಟ್ಟಿರಲಿಲ್ಲ, ಅತ್ತಿ ಆಗಲೇ ಇಳದು ಹೋಗಿದ್ಳು. ಕೆಸರಾಗ ಗ್ವಾಡಿ ಬುಡದ ಕಲ್ಲು ಸಾಲಾಗಿ ಕಾಣತಿದ್ವು. ಒಂದ ಮೂಲಿಗೆ ನಿಂತು, "ಇಲ್ಲಿ ಒಲಿ ಇತ್ತು," ಅಂದ್ಳು. ಅಷ್ಟ. ಅಳಲಿಲ್ಲ, ಏನಿಲ್ಲ. ತಿರಗಿ ನೋಡಿದ್ಳು. ನನ್ನ ಜೀಪು ಅರ್ಧ ಗಾಲಿ ಮಟಾ ಹೂತು, ಮೂತಿ ನೀರಿನ ಕಡೆ ಮಾಡಿ ಕುಂತಿತ್ತು. ಬಾಗಲದ ಮ್ಯಾಲ 'ಸರ್ವೇ' ಅನ್ನೂದಕ್ಕ ಕೆಸರು ಸಿಡದಿತ್ತು. ಅತ್ತಿಗೆ ನಗಿ ಬಂತು. ನಕ್ಕ ನಕ್ಕ ಸೊಂಟದ ಮ್ಯಾಲ ಕೈ ಇಟ್ಕೊಂಡ್ಳು.

"ಅಳಿಯಂದ್ರ, ಇದೂ ಮುಳುಗಡಿ ಆತಲ್ರಿ! ಇದಕ್ಕ ಪರಿಹಾರ ಯಾರ ಕೊಡ್ತಾರು?"

ಅಷ್ಟರಾಗ ಊರೆಲ್ಲಾ ದಿಬ್ಬ ಇಳದು ಬಂದಿತ್ತು. ಮಾಳಪ್ಪ ಕಾಕಾನ ಮಗಾ ಟ್ರ್ಯಾಕ್ಟರ್ ತಂದ, ಹಗ್ಗ ಕಟ್ಟಿದ್ರು, ಉಳದವ್ರು ಹಿಂದಿಂದ ದಬ್ಬಿದ್ರು. ಆ ಕೊಟ್ಟಗಿಯಾವ ಎಲ್ಲಾರಕಿಂತ ಜೋರ ದಬ್ಬಿದ. ಮಾಳಪ್ಪ ಕಾಕಾ ಬಡಿಗೀಲೆ ಜೀಪಿನ ಬೆನ್ನಿಗೆ ಎರಡ ಬಿಟ್ಟ, ತುಡುಗು ದನಕ್ಕ ಬಿಟ್ಟಂಗ. ಮ್ಯಾಲ ಬಂದ ಮ್ಯಾಲ ಎಲ್ಲಾರಿಗೂ ಚಾ ಆತು. ಅತ್ತಿ ತನ್ನ ಚಾ ಜೀಪಿನಾಗ ಕುಂತ ಕುಡದ್ಳು.

"ನೀರಂದ್ರ ಅಂಜಿ ಅಂಜಿ ಸಾಕಾಗೇತಿ ನನಗ," ಅಂದ್ಳು, ಕಪ್ಪು ಕೆಳಗ ಇಟ್ಟು. "ಸಮುದ್ರ ಅಂತಾರಲ್ರಿ, ಅದಕ್ಕ ಯಾರೂ ಡ್ಯಾಮ್ ಕಟ್ಟೂದಿಲ್ಲಂತ. ಅದನ್ನ ನೋಡಬೇಕು. ಗೋವಾಕ್ಕ ಹೋಗೂಣು."

"ನಮ್ಮವ್ವ ಕುಂತ್ಳು. ಮಾತಂದ್ರ ಮಾತು," ಅಂದ್ಳು ಸಾವಿತ್ರಿ.

ಅದಾಗಿ ದಸ್ತಗೀರ ಮತ್ತ ಬ್ರೇಕ್ ಬದ್ಲ ಮಾಡ್ಯಾನ. ಈ ಸಲಾ ಯಾವ ಗಾಡೀದು ಅಂತ ನಾ ಕೇಳಿಲ್ಲ. ಈಗ ಮುಂಜಾನಿ. ಹೊರಗ ಅಂಗಳದಾಗ ಜೀಪು ನಿಂತೈತಿ. ಎಡಗಡೆ ಸೀಟಿನ್ಯಾಗ ಕಂಬಳಿ ಹಾಸ್ಕೊಂಡು ಅತ್ತಿ, ಹಿಂದ ಬುತ್ತಿಗಂಟು ಹಿಡಕೊಂಡು ಸಾವಿತ್ರಿ. ಗೋವಾದ ಹಾದ್ಯಾಗ ಘಟ್ಟ ಐತಿ. ಘಟ್ಟ ಅಂದ್ರ ಪೂರಾ ಇಳಿಜಾರು. "ಒಂದ ಅರ್ಜೆಂಟ್ ಕೆಲಸ ಐತಿ, ಮುಗಿಸಿ ಬಂದ್ನಿ" ಅಂತ ಹೇಳಿ ಒಳಗ ಬಂದು, ಚಿಲಕಾ ಹಾಕ್ಕೊಂಡು, ಇದನ್ನ ನಿಮಗ ಬರ್ಯಾಕ ಕುಂತೇನಿ. ಇಷ್ಟೆಲ್ಲಾ ಸುತ್ತಿ ಬಳಸಿ ಯಾಕ ಹೇಳಿದ್ನಿ ಅಂತ ಈಗರ ತಿಳದಿರಬೇಕು ನಿಮಗ. ಅತ್ತಿ ಹಾರ್ನ್ ಹೊಡ್ಯೂದು ಕಲತಾಳ, ಬಿಡದ ಹೊಡ್ಯಾಕತ್ತಾಳ. ಹಾಂ, ನಾ ಈಜ ಕಲ್ಯಾಕ ಹೋಗಿ ಬಾವಿ ಕಟ್ಟಿ ಮ್ಯಾಲಿಂದನ ವಾಪಸ್ ಬಂದದ್ದು ಹೇಳಿದ್ನೇನು ನಿಮಗ? ಅದು ಸ್ವಲ್ಪ ದೊಡ್ಡ ಕಥಿ, ಅದನ್ನೂ ಪೂರಾ ಹೇಳಿಬಿಡ್ತೀನಿ. ಏನಾತು ಅಂದ್ರ... ಬಂದ್ನೇ ಬಂದ್ನಿ, ಬಾಗಲಾ ಮುರೀಬ್ಯಾಡ್ರಿ.