ಜಂಪಣ್ಣ ಹಿಡಿದ ಸೀಟು

ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಸೀಟು ಹಿಡಿಯುವುದರಲ್ಲಿ ತನ್ನನ್ನು ಮೀರಿಸುವ ಗಂಡಸು ಇನ್ನೂ ಹುಟ್ಟಿಲ್ಲ ಎಂಬುದು ಗುಮಾಸ್ತ ಜಂಪಣ್ಣನ ಘೋಷಣೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದನೆಂದರೆ ಮುಗಿಯಿತು, ಆ ಸೀಟು ಅವನದೇ!

ಅದು ೧೯೮೨. ಅವನ ಹೆಂಡತಿ ರುದ್ರಾಣಿ ಅರ್ಥಶಾಸ್ತ್ರದಲ್ಲಿ ಸಂಶೋಧನೆ ಶುರು ಮಾಡಿದ್ದಳು. ಪೆಟ್ರೋಲ್ ಬೆಲೆ ಹೀಗೆ ಏರುತ್ತಿರುವಾಗ ಜನ ಬಸ್ಸು, ಸೈಕಲ್ಲು, ಗಾಡಿಗಳಲ್ಲಿ ಯಾವುದನ್ನು ಆರಿಸುತ್ತಾರೆ, ಯಾಕೆ ಎಂಬುದು ಅವಳ ವಿಷಯ. ಉಬ್ರಾಣಿಯಿಂದ ಜಗಳೂರಿನವರೆಗೆ ನಾಲ್ಕು ತಿಂಗಳು ಬಿಸಿಲಲ್ಲಿ ತಿರುಗಿ ನಾನೂರು ಜನರ ಉತ್ತರ ಬರೆದುಕೊಂಡಿದ್ದಳು. ಜಂಪಣ್ಣನಿಗೆ ಹೆಂಡತಿಯ ಬಗ್ಗೆ ಭಾರಿ ಹೆಮ್ಮೆ. ಆದರೂ ಅವಳ ಪ್ರಶ್ನಾವಳಿ ತುಂಬುವ ತನ್ನ ಸರದಿ ಬಂದಾಗ, "ಸೈಕಲ್ ಯಾಕೆ ಬೇಡ?" ಎಂಬಲ್ಲಿ ದಪ್ಪಕ್ಷರದಲ್ಲಿ "ಮರ್ಯಾದೆ" ಎಂದು ಬರೆದಿದ್ದ.

ಆ ನಾನೂರು ಹಾಳೆ ಸಂಜೆಯೊಳಗೆ ಶಿವಮೊಗ್ಗದಲ್ಲಿದ್ದ ಅವಳ ಗೈಡ್ ಪ್ರೊಫೆಸರರ ಕೈ ಸೇರಬೇಕಿತ್ತು.

"ಇದಕ್ಕೆ ನಕಲು ಇಲ್ಲ ಕಣ್ರೀ. ಚೀಲ ಜೋಪಾನ!" ಎಂದು ರುದ್ರಾಣಿ ಹಾಳೆಗಳ ಚೀಲವನ್ನು ಗಂಡನ ಕೈಗಿತ್ತಳು.

"ನಾನಿರುವಾಗ ಭಯ ಯಾಕೆ?"

ಬಸ್ಸು ಬಂತು. ಜಂಪಣ್ಣ ಹೆಗಲಿಗೆ ಕೈ ಹಾಕಿದ. ಟವೆಲ್ ಮನೆಯಲ್ಲೇ ಉಳಿದಿತ್ತು! ವೀರನ ಕೈ ಸುಮ್ಮನಿದ್ದೀತೇ? ಸಿಕ್ಕಿದ್ದನ್ನು ಎಸೆಯಿತು. ಬಾಗಿಲಲ್ಲಿ ನೂಕುನುಗ್ಗಲು. ಇವನು ಒಂದು ಕಾಲಿಡುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟೇಬಿಟ್ಟಿತು. ಸೀಟು ಸಿಕ್ಕಿತು, ಬಸ್ಸು ಸಿಗಲಿಲ್ಲ!

"ಚೀಲ ಎಲ್ಲೈತ್ರೀ?"

"ಸೀಟಿನ ಮ್ಯಾಲೈತೆ."

"ಸೀಟು?"

ಜಂಪಣ್ಣ ರಸ್ತೆಯ ಧೂಳಿನ ಕಡೆ ಕೈ ತೋರಿಸಿದ. ರುದ್ರಾಣಿಯ ಕಣ್ಣು ತುಂಬಿ ಬಂತು. ಅವನಿಗೆ ಭೂಮಿಗಿಳಿದು ಹೋಗೋಣ ಅನ್ನಿಸಿತು. ಅವಳು ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು ಗಡಿಯಾರ ನೋಡಿದಳು.

"ದಾರೀಲಿ ಕೈ ಅಡ್ಡ ಹಾಕಿದೋರನ್ನೆಲ್ಲಾ ಹತ್ತಿಸ್ಕೊಂತಾರೆ, ಮೂಟೆ ಏರಿಸ್ತಾರೆ. ಗೋವಿನಕೋವೀಲಿ ಡ್ರೈವರ್ ಟೀಗೆ ಇಳೀತಾನೆ. ನನ್ನ ಲೆಕ್ಕ ಸರಿ ಇದ್ರೆ ಸೈಕಲ್‌ಗೆ ಬಸ್ಸು ಸಿಗ್ತೈತೆ!"

ಬಾಡಿಗೆ ಸೈಕಲ್ಲಿನ ಅಲ್ಲಾಬಕ್ಷ್, ಅವಳು ನಾಲ್ಕು ತಿಂಗಳು ತುಳಿದ ಲೇಡೀಸ್ ಸೈಕಲ್ಲನ್ನೇ ಹೊರತೆಗೆದ. "ಒಂದೇ ಐತೆ ಮೇಡಂ. ಸಂಜೆಗೆ ವಾಪಸ್ ಬೇಕ್ರೀ."

"ಹಿಂದೆ ಕುಂದರ್ರಿ," ಎಂದಳು ಗಂಡನಿಗೆ.

"ನಾನಾ? ಜನ ನೋಡ್ತಾರೆ ಕಣೇ!"

"ನೋಡ್ಲಿ!"

ಜಂಪಣ್ಣ ಕ್ಯಾರಿಯರ್ ಏರಿ ಮುಖಕ್ಕೆ ಕರ್ಚೀಫು ಮುಚ್ಚಿಕೊಂಡ. ಆದರೆ ಏನು ತುಳಿತ, ಏನು ವೇಗ! ಎರಡು ಎತ್ತಿನಗಾಡಿ, ಒಂದು ಟ್ರ್ಯಾಕ್ಟರ್ ಹಿಂದೆ ಬಿದ್ದವು. ಕರ್ಚೀಫಿನೊಳಗೇ ಅವನು "ಭಲೇ!" ಎಂದ.

ಗೋವಿನಕೋವಿಯಲ್ಲಿ ಬಸ್ಸು ನಿಂತಿತ್ತು. ಡ್ರೈವರ್ ಎರಡನೇ ಟೀ ಕುಡಿಯುತ್ತಿದ್ದ. ಒಳಗೆ ಜನ ಒಂಟಿಕಾಲಲ್ಲಿ ನಿಂತಿದ್ದರೂ ಇಬ್ಬರ ಸೀಟು ಖಾಲಿ! ಅದರ ಮೇಲೆ ಚೀಲ ಯಜಮಾನನಂತೆ ಕೂತಿತ್ತು. ಪಕ್ಕದಲ್ಲೇ ನಿಂತಿದ್ದ ಮುದುಕಿ ಉಡಚಮ್ಮ, "ಯಾರೋ ಸೀಟು ಹಿಡಿದವ್ರೆ ಅಂತ ಯಾರೂ ಕುಂತಿಲ್ಲ ಕಣವ್ವಾ," ಎಂದಳು.

ಜಂಪಣ್ಣನ ಎದೆ ಮತ್ತೆ ಉಬ್ಬಿತು. "ನೋಡಿದ್ಯಾ, ನಾನು ಹಿಡಿದ ಸೀಟು!"

"ನೋಡ್ದೆ," ಎಂದು ರುದ್ರಾಣಿ ಕಿಟಕಿ ಪಕ್ಕ ಕೂತಳು. ಇನ್ನರ್ಧದಲ್ಲಿ ಉಡಚಮ್ಮನನ್ನು ಕೂರಿಸಿದಳು.

"ಮತ್ತೆ ನಾನು?"

"ಸೈಕಲ್ ಸಂಜೆಗೆ ವಾಪಸ್ ಕೊಡಬೇಕಲ್ರೀ." ಕಿಟಕಿಯಿಂದ ಒಂದು ಖಾಲಿ ಪ್ರಶ್ನಾವಳಿ ಹೊರಬಂತು. "ಮನೆಗೋಗಿ ಇನ್ನೊಂದ್ಸಲ ತುಂಬ್ರಿ."

ಅಂದು ಸಂಜೆ ಜಂಪಣ್ಣ ನೋಯುವ ಸೊಂಟ ಹಿಡಿದುಕೊಂಡೇ ಪ್ರಾಮಾಣಿಕವಾಗಿ ಬರೆದ: "ವಾಹನ: ಸೈಕಲ್. ಕಾರಣ: ಮರ್ಯಾದೆ ಬಸ್ಸಿನಲ್ಲಿ ಹೋಯಿತು."