ಗೊರ್ರ್ ಎನ್ನುವ ಮೀನಿನ ಟ್ಯಾಂಕು ಮತ್ತು ನಮ್ಮ ಹಲ್ಲಿನ ಡಾಕ್ಟ್ರು

ಹಲ್ಲಿನ ಕ್ಲಿನಿಕ್ಕಿನಲ್ಲಿ ಕೆಲಸ ಅಂದಮೇಲೆ ದಿನಾ ಒಂದಲ್ಲ ಒಂದು ಫಜೀತಿ ಇದ್ದದ್ದೇ. ಬೇರೆ ಆಸ್ಪತ್ರೆಗೆ ಜನ ನರಳುತ್ತಾ ಬರುತ್ತಾರೆ, ನಮ್ಮಲ್ಲಿಗೆ ನಡುಗುತ್ತಾ ಬರುತ್ತಾರೆ. ನಾನು ಹೊನ್ನಾವರದ ಆ ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಕೂತು ಚೀಟಿ ಬರೆಯುವವಳು. ಹೇಳಲಿಕ್ಕೆ ನಾಚಿಕೆ, ಹಲ್ಲಿನ ಕುರ್ಚಿ ಕಂಡರೆ ನನಗೂ ಕೈಕಾಲು ತಣ್ಣಗಾಗುತ್ತದೆ. ಕೆಲಸಕ್ಕೆ ಸೇರುವಾಗಲೇ ಕೇಳಿದ್ದೆ, "ನಾನು ಒಳಗೆ ಬರೂದು ಬೇಡ ಅಲ್ದಾ?" ಅಂತ. "ಬೇಡ, ನೀವು ಹೊರಗೇ ಇರಿ" ಅಂದರು ಡಾಕ್ಟ್ರು. ಆಮೇಲೇ ನಾನು ಹೂಂ ಅಂದದ್ದು.

೧. ಒಳಗೆ ಎಂತ ಮಾಡ್ತಿದ್ದಾರೆ?

ಡಾಕ್ಟ್ರು ಹೊಸಬರು, ಕ್ಲಿನಿಕ್ಕೂ ಹೊಸತು. ಜನರ ಹೆದರಿಕೆ ಇಳಿಯಲಿ ಅಂತ ಬಾಗಿಲು ತೆಗೆದ ದಿನವೇ ಹೊರಕೋಣೆಯಲ್ಲಿ ದೊಡ್ಡ ಮೀನಿನ ಟ್ಯಾಂಕು ಬಂದು ಕೂತಿತ್ತು. ಮೇಲೆ ಗಾಜಿನ ಟ್ಯಾಂಕು, ಅದರಲ್ಲಿ ಬಣ್ಣಬಣ್ಣದ ಮೀನು. ಕೆಳಗೆ ಕಪಾಟಿನೊಳಗೆ ಇನ್ನೊಂದು ಸಣ್ಣ ಟ್ಯಾಂಕು, ಅದಕ್ಕೆ ಸಂಪ್ ಅಂತಾರೆ. ಮೇಲಿನ ನೀರು ಪೈಪಿನಲ್ಲಿ ಸಂಪಿಗೆ ಇಳಿದು, ಸೋಸಿ, ಪಂಪಿನಿಂದ ಮತ್ತೆ ಮೇಲೆ ಹೋಗಬೇಕು. ಹೋಗುತ್ತಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಇಳಿಯುವಾಗ ಗಾಳಿಯನ್ನೂ ಎಳೆದುಕೊಂಡು "ಗೊರ್ರ್... ಗುಳುಕ್... ಸುರ್ರ್" ಅನ್ನುತ್ತಿತ್ತು. ಹಲ್ಲು ಕೀಳುವಾಗ ಉಗುಳು ಎಳೆಯಲಿಕ್ಕೆ ಬಾಯಲ್ಲಿ ನಳಿಗೆ ಇಡುತ್ತಾರಲ್ಲ, ಥೇಟ್ ಅದೇ ಶಬ್ದ. ಗಾಳಿಗುಳ್ಳೆಗಳಂತೂ ಸಂಪು ತುಂಬಿ, ಪಂಪಿನ ಮೂಲಕ ಮೇಲಿನ ಟ್ಯಾಂಕಿಗೂ ಹತ್ತಿ, ಮೀನುಗಳು ಸೋಡಾದಲ್ಲಿ ಈಜುವ ಹಾಗೆ ಕಾಣುತ್ತಿದ್ದವು.

ಒಂದು ಬೆಳಿಗ್ಗೆ ಕರ್ಕಿಯಿಂದ ಒಬ್ಬ ಅಮ್ಮ ಬಂದರು. ದವಡೆಗೆ ಸೆರಗು ಒತ್ತಿಕೊಂಡು ಐದು ನಿಮಿಷ ಆ ಶಬ್ದ ಕೇಳಿದರು. ಮುಖ ಬಿಳಿಚಿಹೋಯಿತು.

"ತಂಗೀ, ಒಳಗೆ ಎಂತ ಮಾಡ್ತಿದ್ದಾರೆ?"

"ಎಂತದೂ ಇಲ್ಲ ಅಮ್ಮಾ. ಡಾಕ್ಟ್ರು ಚಾ ಕುಡೀಲಿಕ್ಕೆ ಹೋಗಿದ್ದಾರೆ."

ಅವರು ಎದ್ದೇಬಿಟ್ಟರು. "ಅಯ್ಯಯ್ಯೋ! ಪಾಪದವನ ಬಾಯಲ್ಲಿ ನಳಿಗೆ ಇಟ್ಟು ಚಾ ಕುಡೀಲಿಕ್ಕೆ ಹೋದ್ರಾ?"

ನಾನು ಕಪಾಟಿನ ಬಾಗಿಲು ತೆಗೆದು ತೋರಿಸುವಷ್ಟರಲ್ಲಿ ಅವರು ಬಸ್ ಸ್ಟ್ಯಾಂಡ್ ಮುಟ್ಟಿದ್ದರು.

೨. ಉಪಕಾರ

ಹೀಗೆ ವಾರಕ್ಕೆ ನಾಲ್ಕೈದು ಜನ ಓಡಿದರು. ಡಾಕ್ಟ್ರು ಮಂಕಾದರು. "ಈ ತಿಂಗಳು ನೋಡ್ತೇನೆ. ಜನ ನಿಲ್ಲದಿದ್ರೆ ಕ್ಲಿನಿಕ್ ಮುಚ್ಚಿ ಮಂಗಳೂರಿನಲ್ಲಿ ಯಾವುದಾದ್ರೂ ಆಸ್ಪತ್ರೆ ಸೇರೂದು" ಅಂದರು. ನಲವತ್ತೈದರ ಮೇಲೆ ನನಗೆ ಬೇರೆ ಕೆಲಸ ಯಾರು ಕೊಡುತ್ತಾರೆ?

"ಟ್ಯಾಂಕನ್ನೇ ತೆಗೆಸಿಬಿಡಿ ಡಾಕ್ಟ್ರೇ" ಅಂದೆ.

"ನಮ್ಮ ಮಾವ ಪ್ರೀತಿಯಿಂದ ಕೊಡಿಸಿದ್ದು. ತೆಗೆಸಿದ್ರೆ ಮನೆಯಲ್ಲಿ ನನಗೆ ಊಟ ಇಲ್ಲ" ಅಂದರು. ಆ ಮನುಷ್ಯನಿಗೆ ಹೆದರಿಕೆ ಎರಡೂ ಕಡೆಯಿಂದ.

ಅದೇ ವಾರ ಹೊಳನಗದ್ದೆಯಿಂದ ತರಕಾರಿ ಬೆಳೆಯುವ ಯಜಮಾನರೊಬ್ಬರು ಬಂದರು. ನಮ್ಮ ಕಡೆ ಬೇಸಿಗೆಯಲ್ಲಿ ಬಾವಿ ನೀರು ತಳ ಸೇರಿದರೆ ಪಂಪು ಗಾಳಿ ಎಳೆಯುತ್ತದೆ. ಆ ಗೊರಗೊರ ಕೇಳಿದ ಕೂಡಲೇ, ಯಾರ ಮನೆಯದೇ ಇರಲಿ, ಓಡಿಹೋಗಿ ಸ್ವಿಚ್ ಆರಿಸಬೇಕು. ಇಲ್ಲದಿದ್ದರೆ ಮೋಟಾರು ಸುಟ್ಟುಹೋಗುತ್ತದೆ. ನಾನು ಕುಡಿಯುವ ನೀರು ತರಲು ಹಿಂದೆ ಹೋಗಿದ್ದೆ. ಯಜಮಾನರು ಶಬ್ದ ಕೇಳಿದರು, ವೈರಿನ ಜಾಡು ಹಿಡಿದು ಹೋಗಿ ಸ್ವಿಚ್ ಹುಡುಕಿದರು, ಆರಿಸಿದರು.

ಪಂಪು ನಿಂತದ್ದೇ ತಡ, ಮೇಲಿನ ಟ್ಯಾಂಕಿನ ನೀರು ಪಂಪಿನ ಪೈಪಿನಲ್ಲೇ ವಾಪಸು ಇಳಿಯಿತು. ಸಂಪು ತುಂಬಿ ಉಕ್ಕಿತು. ನಾನು ಬಂದು ನೋಡುತ್ತೇನೆ, ಕೋಣೆ ತುಂಬ ನೀರು! ಬಾಗಿಲ ಬಳಿ ಬಿಟ್ಟ ಚಪ್ಪಲಿಗಳು ತಾವಾಗೇ ಮೆಟ್ಟಿಲಿಳಿದು ಹೊರಟಿದ್ದವು. ಗೋಡೆಯಲ್ಲಿ ಕರೆಂಟಿನ ಬೋರ್ಡು ಕಂಡು ನನಗೆ ಜೀವವೇ ಹೋಯಿತು. "ಕರೆಂಟು! ಕಾಲು ಮೇಲೆ!" ಅಂತ ಕಿರುಚಿದೆ. ಕಾಯುತ್ತಿದ್ದ ಆರೂ ಜನ ಕುರ್ಚಿ ಮೇಲೆ ಕುಕ್ಕರಗಾಲಲ್ಲಿ ಕೂತರು. ಕಿರುಚಾಟಕ್ಕೆ ಡಾಕ್ಟ್ರು ಓಡಿ ಬಂದು ಬಾಗಿಲಲ್ಲೇ ಕಲ್ಲಾದರು.

ಯಜಮಾನರು ಕುರ್ಚಿ ಮೇಲಿಂದಲೇ ಕೈ ಎತ್ತಿದರು. "ಹೆದರಬೇಡಿ ಡಾಕ್ಟ್ರೇ, ನಿಮ್ಮ ಮೋಟಾರು ಉಳಿಸಿದ್ದೇನೆ."

೩. ಶ್ರದ್ಧೆ

ಟ್ಯಾಂಕು ಕೂರಿಸಿದವರು ಭಟ್ಕಳದ ಒಬ್ಬ ಭಾಯಿ. ನಾಲ್ಕು ಸಲ ಫೋನ್ ಮಾಡಿದೆ, ನಾಲ್ಕು ಸಲವೂ "ನಾಳೆ ಬರ್ತೇನೆ ಅಕ್ಕಾ." ತಿಂಗಳು ಮುಗಿಯುತ್ತಾ ಬಂದಿತ್ತು, ನನಗೆ ಊಟ ಇಳಿಯುತ್ತಿರಲಿಲ್ಲ. ಐದನೇ ಸಲ ಅವರೇ ಕೇಳಿದರು, "ಡಾಕ್ಟರ್ ಸಾಬ್ ಊಟಕ್ಕೆ ಎಷ್ಟೊತ್ತಿಗೆ ಹೋಗ್ತಾರೆ?"

ಸರಿಯಾಗಿ ಒಂದೂವರೆಗೆ ಬಂದರು, ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು. ಬಗ್ಗುವಾಗ ಅದು ಜಾರಿತು. ನೋಡಿದರೆ ಒಂದು ಕೆನ್ನೆ ಇಡ್ಲಿಯ ಹಾಗೆ ಉಬ್ಬಿತ್ತು.

"ದವಡೆ ಹಲ್ಲು" ಅಂದರು ಮೆಲ್ಲಗೆ. "ಅಕ್ಕಾ, ನಿಮ್ಮ ದಮ್ಮಯ್ಯ, ಡಾಕ್ಟರಿಗೆ ಹೇಳ್ಬೇಡಿ."

ನಾನು ಹೇಳುತ್ತೇನೆಯೇ? ಹೆದರುವವರ ಕಷ್ಟ ಹೆದರುವವರಿಗೇ ಗೊತ್ತು.

"ಪೈಪಿನಲ್ಲಿ ಗಾಳಿ ನೀರು ಎರಡೂ ಜಗಳಾಡ್ತಾ ಇಳೀತಾ ಇವೆ, ಅದಕ್ಕೇ ಗದ್ದಲ" ಅಂತ ಕಪಾಟಿನೊಳಗೆ ತಲೆ ಹಾಕಿದರು. ಇಳಿಯುವ ಪೈಪಿಗೆ ವಾಲ್ವ್ ಹಾಕಿ, ಗಾಳಿಗೆ ಜಾಗ ಇಲ್ಲದ ಹಾಗೆ ಪೈಪು ತುಂಬ ನೀರೇ ಇಳಿಯುವಷ್ಟು ತಿರುಗಿಸಿದರು. ಎಲ್ಲಾದರೂ ನೀರು ಹೆಚ್ಚಾದರೆ ಅಂತ ಪಕ್ಕದಲ್ಲಿ ಇನ್ನೊಂದು ಪೈಪು ಕೊಟ್ಟರು. ಪೈಪಿನ ತುದಿಯನ್ನು ಸಂಪಿನ ನೀರಿನೊಳಗೆ ಒಂದಂಗುಲ ಮುಳುಗಿಸಿ, ಗುಳ್ಳೆ ತಡೆಯಲು ಪಂಪಿನ ಮುಂದೆ ಸ್ಪಂಜು ಒಡ್ಡಿದರು. ಅಷ್ಟರಲ್ಲಿ ಹೊರಗೆ ಬೈಕಿನ ಶಬ್ದ. ಡಾಕ್ಟ್ರು!

ಭಾಯಿ ಸೊಂಟದವರೆಗೆ ಕಪಾಟಿನೊಳಗೆ ಸೇರಿಕೊಂಡರು. ಡಾಕ್ಟ್ರು ಅಲ್ಲೇ ಕುರ್ಚಿ ಎಳೆದು ಕೂತು ಪೇಪರ್ ಬಿಡಿಸಿದರು.

"ಊಟ ಆಯ್ತಾ ಭಾಯ್?"

"ಹೂಂ" ಅಂತು ಕಪಾಟು.

ಮುಕ್ಕಾಲು ಗಂಟೆ ಅವರು ಏಳಲಿಲ್ಲ, ಇವರು ಹೊರಗೆ ಬರಲಿಲ್ಲ. ನಾನು ನಡುವೆ ಬೆವರುತ್ತಾ ಕೂತಿದ್ದೆ. ಕಡೆಗೆ ಡಾಕ್ಟ್ರು ಪೇಪರ್ ಮಡಚಿ ನನ್ನ ಕಡೆ ತಿರುಗಿದರು. "ನೋಡಿ, ಇದಕ್ಕೆ ಶ್ರದ್ಧೆ ಅನ್ನೂದು. ಒಮ್ಮೆಯಾದ್ರೂ ತಲೆ ಎತ್ತಿದ್ರಾ?"

೪. ನಾವೆಲ್ಲ ಇದ್ದೇವೆ

ಮರುದಿನ ಕೋಣೆ ನಿಶ್ಶಬ್ದ. ನೀರು ತಿಳಿ, ಗುಳ್ಳೆ ಒಂದೂ ಇಲ್ಲ. ಫ್ಯಾನಿನ ಶಬ್ದ ನಾನು ಮೊದಲ ಸಲ ಕೇಳಿದ್ದೇ ಅವತ್ತು. ಏಳು ಜನ ಮೀನು ನೋಡುತ್ತಾ ಕೂತಿದ್ದರು, ಯಾರೂ ಬಾಗಿಲ ಕಡೆ ನೋಡುತ್ತಿರಲಿಲ್ಲ. ಬದುಕಿದೆ ಅಂದುಕೊಂಡೆ.

ಒಳಗೆ ಮುರ್ಡೇಶ್ವರದ ಹೋಟೆಲೊಂದರ ಅಡಿಗೆಯವನು ಕುರ್ಚಿಯಲ್ಲಿದ್ದ. ಡಾಕ್ಟ್ರು ಇಂಜೆಕ್ಷನ್ ಕೊಟ್ಟು, ಅದು ಹಿಡಿಯುವವರೆಗೆ ಕೈ ತೊಳೆಯಲು ಎದ್ದರು. ಕೈ ತೊಳೆಯುವ ಗೂಡು ಬೇರೆಯೇ ಇದೆ, ಟ್ಯಾಂಕಿನ ಬೆನ್ನಿಗೆ. ನಡುವೆ ಒಂದು ಪ್ಲೈವುಡ್ ಹಲಗೆ ಮಾತ್ರ. ಆ ಹಲಗೆಯ ಆಚೆಯಿಂದ ಸ್ಪಷ್ಟವಾಗಿ ಕೇಳಿತು:

"ದೇವರೇ, ಇದೊಂದು ಹಲ್ಲು ಮುರಿಯದೆ ಬರಲಿ. ನನ್ನ ಕೈ ನಡುಗದಿರಲಿ. ನಿನ್ನೆಯ ಹಾಗೆ ಮಾತ್ರ ಆಗದಿರಲಿ."

ಅಯ್ಯೋ ದೇವರೇ! ಇಷ್ಟು ತಿಂಗಳು ಆ ಹಾಳು ಗೊರ್ರ್ ಇದನ್ನು ಮುಚ್ಚಿಟ್ಟಿತ್ತು, ಅದನ್ನು ನಾನೇ ಭಾಯಿಗೆ ಹೇಳಿ ನಿಲ್ಲಿಸಿದ್ದೆ. ಏಳೂ ಜನ ನನ್ನನ್ನೇ ನೋಡಿದರು. ಒಬ್ಬರು ಹೊರಡಲು ಚೀಲ ಎತ್ತಿದರು. ಮುಗೀತು, ಕ್ಲಿನಿಕ್ಕೂ ಮುಗೀತು, ನನ್ನ ಕೆಲಸವೂ ಮುಗೀತು.

ಆಗ ಮೂಲೆಯಲ್ಲಿದ್ದ ಕುಮಟೆಯ ಮೀನು ಮಾರುವ ಅಜ್ಜಿ ಎದ್ದರು. ನೆಟ್ಟಗೆ ಹೋಗಿ ಹಲಗೆ ಬಡಿದರು.

"ತಮಾ, ಹೆದರಬೇಡ. ನಾವೆಲ್ಲ ಇಲ್ಲೇ ಇದ್ದೇವೆ. ನೀ ಎಳೆ!"

ಆಚೆ ನಲ್ಲಿ ನಿಂತಿತು. ಸಣ್ಣ ದನಿ ಬಂತು. "ಯಾರೂ ಹೋಗೂದಿಲ್ಲ ಅಲ್ದಾ?"

"ಇಲ್ಲ!" ಅಂದರು ಏಳೂ ಜನ. ಚೀಲ ಎತ್ತಿದವರು ಅದನ್ನು ಕೆಳಗಿಟ್ಟು, "ಗಟ್ಟಿ ಹಿಡೀರಿ ಡಾಕ್ಟ್ರೇ!" ಅಂತ ಕೂಗಿದರು. ಎರಡು ನಿಮಿಷಕ್ಕೆ ಒಳಗಿಂದ "ಬಂತು!" ಅಂತ ಕೇಳಿತು. ನಾವು ಚಪ್ಪಾಳೆ ತಟ್ಟಿದೆವು. ಅಡಿಗೆಯವನು ಬಾಯಲ್ಲಿ ಹತ್ತಿ ಕಚ್ಚಿಕೊಂಡು ಹೊರಗೆ ಬಂದವನು, ತನ್ನ ಹಲ್ಲಿಗೇ ಇಷ್ಟು ಮರ್ಯಾದೆ ಅಂದುಕೊಂಡು ಎಲ್ಲರಿಗೂ ಕೈ ಮುಗಿದ.

ಅವತ್ತು ಒಬ್ಬರೂ ಓಡಲಿಲ್ಲ. ಡಾಕ್ಟ್ರಿಗೆ ಧೈರ್ಯ ಹೇಳುವ ಗಡಿಬಿಡಿಯಲ್ಲಿ ತಮ್ಮ ಹೆದರಿಕೆ ಯಾರಿಗೂ ನೆನಪಾಗಲಿಲ್ಲ. ಮಂಗಳೂರಿನ ಮಾತು ಡಾಕ್ಟ್ರು ಮತ್ತೆ ಎತ್ತಲೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಆರು ಜನರದ್ದು ಮುಗಿದು ಅಜ್ಜಿ ಒಬ್ಬರೇ ಉಳಿದರು.

"ಅಜ್ಜೀ, ನಿಮ್ಮ ಸರದಿ" ಅಂದೆ.

ಅಜ್ಜಿ ಕುರ್ಚಿಯ ಕೈ ಎರಡನ್ನೂ ಬಿಗಿಯಾಗಿ ಹಿಡಿದುಕೊಂಡರು.

"ನಾ ಒಳಗೆ ಹೋದ್ರೆ, ಹೊರಗಿಂದ ಆ ಪೋರನಿಗೆ ಧೈರ್ಯ ಹೇಳೂರು ಯಾರು?"