ಮೂರನೇ ಸಲ ಕೇಳದ ಕಾಲೇಜು

ಪತ್ರ ಬರೆಯುವುದರಲ್ಲಿ ಈ ಅರ್ವಿಡ್ ಟೋರ್ಗರ್ಸನ್ನನನ್ನು ಮೀರಿಸುವ ಗಂಡು ಇಡೀ ಮಿನೆಸೋಟಾದಲ್ಲಿ ಹುಟ್ಟಿಲ್ಲ! ನಮ್ಮ ಚರ್ಚಿನ ಕೃತಜ್ಞತಾ ಪತ್ರಗಳನ್ನೆಲ್ಲ ಹತ್ತೊಂಬತ್ತು ವರ್ಷಗಳಿಂದ ಬರೆಯುತ್ತಿರುವವನು ನಾನೇ. ಹಾಗಾಗಿ ಡಿಸೆಂಬರಿನಲ್ಲಿ ಮಗಳು ಸಿಗ್ರಿಡ್‌ಗೆ ಅವಳು ಆಸೆಪಟ್ಟ ಕಾಲೇಜಿನಿಂದ "ತೀರ್ಮಾನವನ್ನು ಮಾರ್ಚಿಗೆ ಮುಂದೂಡಿದ್ದೇವೆ; ಇನ್ನೂ ಆಸೆಯಿದ್ದರೆ ಬರೆದು ತಿಳಿಸಿ" ಎಂದು ಬಂದಾಗ ನಾನು ತೋಳೇರಿಸಿದೆ.

"ಅವಳೇ ಬರೀಲಿ ಬಿಡ್ರೀ," ಎಂದಳು ಹೆಂಡತಿ ಮಾರ್ಲಿಸ್.

"ಅವಳು ಅಳ್ತಾ ಕೂತಿದಾಳೆ ಕಣೇ. ನಂದೊಂದು ಪತ್ರ ಹೋಗ್ಲಿ, ಕಾಲೇಜೇ ನಮ್ಮನೆ ಬಾಗ್ಲಿಗೆ ಬರುತ್ತೆ ನೋಡು!"

ಬರೆದೆ. "ನಮ್ಮ ಹುಡುಗಿಯ ಹೆಸರನ್ನು ನೀವು ಓದಿದ್ದೇ ನಮ್ಮ ಭಾಗ್ಯ. ಅವಳಿಗಿಂತ ಜಾಣರು ಎಷ್ಟೋ ಜನ ಇದ್ದಾರು. ನಮಗಾಗಿ ದಯವಿಟ್ಟು ತೊಂದರೆ ತೆಗೆದುಕೊಳ್ಳಬೇಡಿ." ಓದಿಕೊಂಡು ನನಗೇ ಕಣ್ಣು ತುಂಬಿತು! ಯಾರಿಗೂ ತೋರಿಸದೆ ಅಂಚೆಗೆ ಹಾಕಿದೆ.

ಹತ್ತನೆಯ ದಿನ ಉತ್ತರ ಬಂತು: "ತಮ್ಮ ಇಚ್ಛೆಯಂತೆ ಅರ್ಜಿಯನ್ನು ಕೈಬಿಟ್ಟಿದ್ದೇವೆ."

"ಅಯ್ಯೋ ದೇವ್ರೇ, ಏನ್ ಬರೆದ್ರಿ?" ಎಂದಳು ಮಾರ್ಲಿಸ್.

ಬಾಯಿಬಿಟ್ಟೆ. "ಅದು ಮರ್ಯಾದೆ ಕಣೇ! ಮೊದಲ್ನೇ ಸಲಕ್ಕೇ 'ಬೇಕು' ಅನ್ನೋದುಂಟಾ? ಒಂದು ಕಾಫಿಗೇ ನಾವು ಎರಡು ಸಲ ಬೇಡ ಅಂದು, ಮೂರನೇ ಸಲ 'ಅರ್ಧ ಕಪ್ ಸಾಕು' ಅಂತೀವಿ!"

"ಮೂರು ಸಲ ಉಪಚಾರ ಮಾಡೋಕೆ ಆ ಕಾಲೇಜೇನು ನಿಮ್ಮ ಸೋದರತ್ತೆಯೇನ್ರೀ!"

ಸಿಗ್ರಿಡ್ ಪತ್ರ ಓದಿ ಮಡಿಸಿಟ್ಟಳು. "ಪರ್ವಾಗಿಲ್ಲ ಅಪ್ಪಾ," ಎಂದಳು. ನಮ್ಮ ಕಡೆ ಮನೆಗೆ ಬೆಂಕಿ ಬಿದ್ದರೂ ಆಡುವ ಮಾತು ಅದೇ.

ಕೂಡಲೇ ಕಾಲೇಜಿಗೆ ಫೋನ್ ಮಾಡಿದೆ. ಪ್ರವೇಶ ವಿಭಾಗದ ಶ್ರೀಮತಿ ಕ್ವಿಗ್ಲಿ ಎಂಬಾಕೆ ನೇರವಾಗಿ ಕೇಳಿದರು, "ನಿಮ್ಮ ಮಗಳಿಗೆ ಸೀಟು ಬೇಕೋ ಬೇಡ್ವೋ?"

"ನಿಮಗೇನೂ ತೊಂದ್ರೆ ಇಲ್ಲ ಅಂದ್ರೆ..."

ಮಾರ್ಲಿಸ್ ನನ್ನ ಕಾಲು ತುಳಿದಳು, ಅದೂ ಹಿಮದ ಬೂಟಿನಲ್ಲಿ!

"ಬೇಕೂ!" ಎಂದು ಕಿರುಚಿದೆ. "ಬೇಕೇ ಬೇಕು! ನನ್ನ ಮಗಳು ತೊಂಬತ್ತು ತೋಟದ ಮನೆಗಳ ಬಾವಿ ನೀರು ಪರೀಕ್ಷೆ ಮಾಡಿದಾಳೆ! ಹನ್ನೊಂದು ಬಾವಿ ನೀರು ಕುಡಿಯೋ ಹಾಗಿಲ್ಲ ಅಂತ ಕಂಡುಹಿಡಿದವಳು ಅವಳೇ!" ಹುಟ್ಟಿದ ಮೇಲೆ ಮೊದಲ ಬಾರಿಗೆ ಹೊರಗಿನವರೆದುರು ಮನೆಯವರನ್ನು ಹೊಗಳಿದ್ದೆ, ಬೆವತುಹೋದೆ.

ಆ ಕಡೆ ಕ್ವಿಗ್ಲಿಯವರು ಕಾಗದ ತಿರುವಿದ ಸದ್ದು. "ಇದ್ಯಾವುದೂ ಅರ್ಜಿಯಲ್ಲಿ ಇಲ್ವಲ್ಲಾ! ಪ್ರಬಂಧದ ತುಂಬ ಓಡಾಡೋಕೆ ಕಾರು ಕೊಟ್ಟ ಪಕ್ಕದ ಮನೆಯವರ ಗುಣಗಾನ ಮಾಡಿದಾಳೆ. ಹುಡುಗಿ ಏನು ಅಂತ್ಲೇ ತಿಳೀದೆ ಮುಂದೂಡಿದ್ವಿ. ಹೀಗೆ ಬರೆಯೋಕೆ ಅವಳಿಗೆ ಯಾರು ಕಲಿಸಿದ್ದು?"

ಮಾರ್ಲಿಸ್ ಫೋನ್ ಕಿತ್ತುಕೊಂಡಳು. "ಇಲ್ಲೇ ನಿಂತಿದಾರೆ ಮೇಡಂ, ಒಂದು ಕಾಲ್ಮೇಲೆ."

ಆ ಪುಣ್ಯಾತ್ಗಿತ್ತಿ ನಕ್ಕು, ಅರ್ಜಿಯನ್ನು ಮತ್ತೆ ತೆರೆದರು. ಬಾವಿಗಳ ಕಥೆಯನ್ನು ಸಿಗ್ರಿಡ್ ತಾನೇ ಬರೆದು ಕಳಿಸಿದಳು. ಮಾರ್ಚಿನಲ್ಲಿ ಸೀಟು ಸಿಕ್ಕಿತು! ಆಕೆಯ ಋಣ ಈ ಜನ್ಮದಲ್ಲಿ ತೀರದು. ಕೃತಜ್ಞತೆ ತಿಳಿಸೋಣವೆಂದು ಪೆನ್ನು ಹುಡುಕುತ್ತಿದ್ದೆ, ಅಷ್ಟರಲ್ಲಿ ಸಿಗ್ರಿಡ್ ಸೀಟಿನ ಪತ್ರದ ಕೆಳಗೆ ಕ್ವಿಗ್ಲಿಯವರು ಕೈಯಾರೆ ಬರೆದಿದ್ದ ಸಾಲನ್ನು ಗಟ್ಟಿಯಾಗಿ ಓದಿದಳು: "ಒಪ್ಪಿಗೆ ಪತ್ರವನ್ನು ನೀನೇ ಬರೆ. ಅಪ್ಪನ ಕೈಗೆ ಅಂಚೆಚೀಟಿ ಕೂಡ ಕೊಡಬೇಡ."